ನಿಮ್ಮ ಕೋವಿಗೆ ಒಗ್ಗುವ ತೋಟಾ ಹುಡುಕುವುದು ಹೇಗೆ

ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಕೋವಿ ತಗೊಳ್ಳಿ. ಒಂದೇ ಡಬ್ಬಿಯ ತೋಟಾ ಎರಡಕ್ಕೂ ಹಾಕಿ ಹೊಡೆಯಿರಿ. ಒಂದು ಕೋವಿ ಐದು ಗುಂಡನ್ನು ಒಂದು ಇಂಚಿನೊಳಗೆ ಕೂರಿಸುತ್ತದೆ, ಇನ್ನೊಂದು ಮೂರು ಇಂಚು ಚೆಲ್ಲುತ್ತದೆ. ಇದು ಅಪರೂಪವೇನಲ್ಲ. ಗುಂಡು ಹಾದುಹೋಗುವಾಗ ನಳಿಗೆ ಕಂಪಿಸುತ್ತದೆ, ಆ ಕಂಪನ ಪ್ರತಿ ನಳಿಗೆಯಲ್ಲೂ ಬೇರೆ. ತೋಟಾ ಕೂರುವ ಕೋಣೆಯ ಅಳತೆಯಲ್ಲೂ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಹಾಗಾಗಿ "ಯಾವ ತೋಟಾ ಒಳ್ಳೆಯದು" ಅಂತ ಯಾರನ್ನು ಕೇಳಿದರೂ ಸಿಗುವುದು ಅವರ ಕೋವಿಯ ಉತ್ತರ.

ಜಿಂಕೆ ಬೇಟೆಗೆ ಕಾನೂನು ಒಪ್ಪುವ ಕಡೆ, ಕೈಯಲ್ಲಿ ಪರವಾನಗಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು 308 ವಿಂಚೆಸ್ಟರ್ ತೋಟಾ ಹೊಡೆಯುವ ಬೋಲ್ಟ್ ಕೋವಿ, ಅಂದರೆ ಪ್ರತಿ ಈಡಿಗೂ ಹಿಡಿಯನ್ನು ಕೈಯಿಂದ ಎಳೆದು ತಳ್ಳಬೇಕಾದದ್ದು. 22 ಇಂಚಿನ ನಳಿಗೆ. ತಗೊಂಡ ಮೊದಲ ವರ್ಷ 150 ಗ್ರೇನ್ ಗುಂಡಿನ ಒಂದು ಡಬ್ಬಿ ತಂದೆ. ಗ್ರೇನ್ ಅಂದರೆ ತೂಕದ ಅಳತೆ, 7000 ಗ್ರೇನ್ ಸೇರಿದರೆ ಒಂದು ಪೌಂಡ್. 100 ಗಜದಲ್ಲಿ ಮೂರು ಈಡು ಹೊಡೆದೆ. ಮೂರೂ ತೂತು ಒಂದು ನಾಣ್ಯದಡಿ ಮುಚ್ಚಿಹೋದವು. ಅಷ್ಟಕ್ಕೇ ತೃಪ್ತಿಯಾಗಿ ಡಬ್ಬಿ ಮುಚ್ಚಿದೆ. ಆ ಸೀಸನ್ನಿನಲ್ಲಿ ಸುಮಾರು 160 ಗಜದಲ್ಲಿ ನಿಂತಿದ್ದ ಜಿಂಕೆಗೆ ಹೊಡೆದ ಗುಂಡು ಎದೆಗೆ ಬೀಳದೆ ಹೊಟ್ಟೆಗೆ ಬಿತ್ತು. ಸಂಜೆಯಿಂದ ರಕ್ತದ ಜಾಡು ಹಿಡಿದು ನಡೆದವನಿಗೆ ಅದು ಸಿಕ್ಕಿದ್ದು ಮರುದಿನ ಬೆಳಗ್ಗೆ. ಆ ರಾತ್ರಿ ಅದು ಪಟ್ಟ ನೋವು ಇವತ್ತಿಗೂ ನನ್ನ ಮನಸ್ಸಲ್ಲಿದೆ. ಆಮೇಲೆ ಅದೇ ಡಬ್ಬಿಯಿಂದ ಐದೈದು ಈಡಿನಂತೆ ನಾಲ್ಕು ಸಲ ಹೊಡೆದು ನೋಡಿದೆ. ಒಂದು ಸಲದ ಐದು ತೂತುಗಳ ಗುಂಪು ಒಂದು ಇಂಚು, ಮತ್ತೊಂದು ಮೂರು ಇಂಚು. ನನ್ನ ಕೈಯ ಅಲುಗಾಟವೂ ಅವತ್ತಿನ ತಪ್ಪಿಗೆ ಸೇರಿತ್ತು, ನಿಜ. ಆದರೆ ಆ ತೋಟಾ ನನ್ನ ನಳಿಗೆಗೆ ಒಗ್ಗಿರಲೇ ಇಲ್ಲ.

ಹೊಸ ತೋಟಾ ಕೊಳ್ಳುವ ಮೊದಲು ಕೋವಿಯನ್ನೇ ನೋಡಿ. ಕೋವಿಯ ಕಬ್ಬಿಣವನ್ನು ಮರಕ್ಕೆ ಬಿಗಿಯುವ ಸ್ಕ್ರೂ ಸಡಿಲವಾಗಿದ್ದರೆ ಯಾವ ತೋಟಾ ಹಾಕಿದರೂ ಗುಂಪು ಹರಡುತ್ತದೆ. ದುರ್ಬೀನಿನ ರಿಂಗ್‌ಗಳೂ ಹಾಗೆಯೇ. ನಳಿಗೆ ಮತ್ತು ಮರದ ನಡುವೆ ಒಂದು ಹಾಳೆ ತೂರಿಸಿ ಎಳೆಯಿರಿ. ಅಂತರ ಬಿಟ್ಟು ಮಾಡಿದ ಕೋವಿಯಾದರೆ ಹಾಳೆ ಎಲ್ಲೂ ಸಿಕ್ಕಿಕೊಳ್ಳಬಾರದು. ನಳಿಗೆಯ ಬಾಯಿಯ ಅಂಚಿನಲ್ಲಿ ಪೆಟ್ಟು ಬಿದ್ದಿದೆಯಾ ನೋಡಿ. ಒಳಗೆ ಮೆತ್ತಿದ ತಾಮ್ರವನ್ನು ಒಮ್ಮೆ ಚೆನ್ನಾಗಿ ತೆಗೆಯಿರಿ. ಇದಿಷ್ಟು ಮಾಡದೆ ಡಬ್ಬಿ ಮೇಲೆ ಡಬ್ಬಿ ಖಾಲಿ ಮಾಡುವುದು ಸುಮ್ನೆ ದುಡ್ಡು ದಂಡ.

ಇನ್ನು ತೋಟಾ. ನಳಿಗೆಯ ಮೇಲೆ ಕೊರೆದ ಹೆಸರು ಮತ್ತು ಡಬ್ಬಿಯ ಮೇಲಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಬೇರೆಯವರು ಮನೆಯಲ್ಲಿ ಮದ್ದು ತುಂಬಿಸಿದ ತೋಟಾವನ್ನು ಎಷ್ಟೇ ಪ್ರೀತಿಯಿಂದ ಕೊಟ್ಟರೂ ನಿಮ್ಮ ಕೋವಿಗೆ ಹಾಕಬೇಡಿ.

ಮೂರೋ ನಾಲ್ಕೋ ಬಗೆ ಆರಿಸಿ, ಸಾಕು. ಹತ್ತು ಬಗೆ ತಂದು ಒಂದೊಂದರಲ್ಲಿ ಮೂರು ಈಡು ಹೊಡೆಯುವುದಕ್ಕಿಂತ ಮೂರು ಬಗೆ ತಂದು ಒಂದೊಂದರಲ್ಲಿ ಇಪ್ಪತ್ತು ಹೊಡೆಯುವುದು ಮೇಲು. ನಾನು ತಂದದ್ದು ನಾಲ್ಕು: 150 ಮತ್ತು 180 ಗ್ರೇನಿನ ಸಾದಾ ಮೃದು ಮೂತಿಯ ಗುಂಡು, ಸೀಸವನ್ನು ಹೊರಕವಚಕ್ಕೆ ಬೆಸೆದ 165 ಗ್ರೇನ್, ಮತ್ತು ಪೂರ್ತಿ ತಾಮ್ರದ 150 ಗ್ರೇನ್. 7000 ಗ್ರೇನ್ ಸೇರಿದರೆ ಒಂದು ಪೌಂಡ್.

ತೂಕ ಆರಿಸುವಾಗ ನಳಿಗೆಯ ತಿರುವು ಗೊತ್ತಿರಲಿ. ಒಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಹಾಕುತ್ತದೋ ಅದೇ ತಿರುವು. ನನ್ನದು 10 ಇಂಚಿಗೆ ಒಂದು. ಉದ್ದ ಗುಂಡು ನೆಟ್ಟಗೆ ಹಾರಬೇಕಾದರೆ ಜಾಸ್ತಿ ತಿರುಗಬೇಕು. 1879ರಲ್ಲಿ ಆಲ್ಫ್ರೆಡ್ ಗ್ರೀನ್‌ಹಿಲ್ ಎಂಬ ಗಣಿತಜ್ಞ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು: ಗುಂಡಿನ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲವೂ ಇಂಚಿನಲ್ಲಿ. 0.308 ಇಂಚು ವ್ಯಾಸದ, 1.25 ಇಂಚು ಉದ್ದದ ಗುಂಡಿಗೆ ಸುಮಾರು 11.4 ಬರುತ್ತದೆ. ಅಂದರೆ 11.4 ಇಂಚಿಗೆ ಒಂದು ಸುತ್ತು ಸಾಕು. ಇಂಚು ಕಡಿಮೆಯಾದಷ್ಟೂ ಗುಂಡು ಹೆಚ್ಚು ತಿರುಗುತ್ತದೆ, ಹಾಗಾಗಿ 10 ಇಂಚಿನ ತಿರುವು ಅದಕ್ಕೆ ಧಾರಾಳವಾಯಿತು. ಈಗಿನ ಲೆಕ್ಕಗಳು ಇದಕ್ಕಿಂತ ನಿಖರವಾಗಿವೆ, ಆದರೆ ಅಂದಾಜಿಗೆ ಇದು ಸಾಕು. ತಾಮ್ರ ಸೀಸಕ್ಕಿಂತ ಹಗುರ. ಅದಕ್ಕೇ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದ ಇರುತ್ತದೆ, ಹೆಚ್ಚು ತಿರುವು ಬೇಡುತ್ತದೆ. ಹಾಳೆಯಲ್ಲಿ ದುಂಡನೆ ತೂತಿನ ಬದಲು ಉದ್ದುದ್ದ ತೂತು ಕಂಡರೆ ಗುಂಡು ಅಡ್ಡಡ್ಡ ಹಾರಿದೆ ಅಂತ ಅರ್ಥ. ಆ ತೋಟಾ ಅಲ್ಲಿಗೇ ಬಿಡಿ.

ಸ್ಪರ್ಧೆಗೆ ಅಂತ ಮಾಡಿದ ಗುಂಡುಗಳ ಗುಂಪು ನೋಡಿದರೆ ಆಸೆಯಾಗುತ್ತದೆ. ಅವುಗಳ ಮೂತಿಯಲ್ಲಿ ಕಾಣುವ ಸಣ್ಣ ತೂತು ಕವಚವನ್ನು ಬುಡದಿಂದ ಮೂತಿಯ ಕಡೆಗೆ ಎಳೆದು ತಯಾರಿಸುವಾಗ ಉಳಿದದ್ದು. ಪ್ರಾಣಿಯ ಮೈಯೊಳಗೆ ಗುಂಡು ಅರಳಿ ಅಗಲವಾಗಲಿ ಅಂತ ಬಿಟ್ಟದ್ದಲ್ಲ. ತಯಾರಿಸಿದವರೇ ಬೇಟೆಗೆ ಸರಿ ಅಂತ ಬರೆದಿರದಿದ್ದರೆ ಜಿಂಕೆಗೆ ಹೊಡೆಯಬೇಡಿ. ಪೂರ್ತಿ ಕವಚದ ಗುಂಡಂತೂ ಬೇಡವೇ ಬೇಡ. ಅದು ಅರಳದೆ ಸೂಜಿಯಂತೆ ತೂರಿಹೋಗುತ್ತದೆ, ಪ್ರಾಣಿ ನರಳುತ್ತದೆ.

ಹೊಡೆಯುವ ದಿನ ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಹಿಡಿಯಿರಿ. ಕಿವಿಗೆ, ಕಣ್ಣಿಗೆ ರಕ್ಷಣೆ ಇರಲಿ. ಗಟ್ಟಿ ಮೇಜು ಬೇಕು. ಕೋವಿಯ ಮುಂಭಾಗದ ಮರದ ಕೆಳಗೆ ಒಂದು ಮರಳಿನ ಚೀಲ, ಹಿಂದೆ ಹೆಗಲ ಬಳಿ ಒಂದು ಸಣ್ಣ ಚೀಲ. ನಳಿಗೆಯನ್ನೇ ಚೀಲದ ಮೇಲೆ ಇಡಬೇಡಿ, ಕಂಪನ ಕೆಡುತ್ತದೆ. ಪ್ರತಿ ಸಲ ಹೆಗಲಿಗೆ ಒಂದೇ ಒತ್ತು, ಕೆನ್ನೆ ಒಂದೇ ಜಾಗ. ಶುಚಿ ಮಾಡಿದ ನಳಿಗೆಯಲ್ಲಿ ಮೊದಲ ಎರಡು ಮೂರು ಈಡು ಲೆಕ್ಕಕ್ಕಿಲ್ಲ. ತಾಮ್ರದ ಗುಂಡಿನಿಂದ ಸೀಸದ ಗುಂಡಿಗೆ ಬದಲಿಸುವಾಗ ನಾನು ಮತ್ತೆ ಶುಚಿ ಮಾಡುತ್ತೇನೆ. ಬೇಟೆ ಕೋವಿಯ ನಳಿಗೆ ತೆಳು, ಬೇಗ ಕಾಯುತ್ತದೆ. ಈಡಿನಿಂದ ಈಡಿಗೆ ಒಂದೆರಡು ನಿಮಿಷ ಬಿಡಿ. ಮುಟ್ಟಿದರೆ ಕೈ ಹಿಂದಕ್ಕೆ ಸರಿಯುವಷ್ಟು ಬಿಸಿಯಾದರೆ ಬೋಲ್ಟ್ ತೆರೆದಿಟ್ಟು ಕಾಯಿರಿ. ನಾನು ಆ ಹೊತ್ತಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಒಂದು ಗುಂಪಿಗೆ ಐದು ಈಡು. ಮೂರಾದರೆ ಅದೃಷ್ಟದಿಂದಲೇ ಚಿಕ್ಕ ಗುಂಪು ಬರುವುದು ಸುಲಭ. ನಾನು ಮೋಸಹೋದದ್ದು ಅಲ್ಲೇ. ಒಂದು ಬಗೆಗೆ ನಾಲ್ಕು ಗುಂಪು, ಬೇರೆ ಬೇರೆ ದಿನ. ನಡುವೆ ದುರ್ಬೀನಿನ ತಿರುಪು ಮುಟ್ಟಲೇಬೇಡಿ. ಗುಂಪು ಎಲ್ಲಿ ಬಿತ್ತು ಅನ್ನುವುದು ಈಗ ಮುಖ್ಯ ಅಲ್ಲ, ಎಷ್ಟು ಒತ್ತಾಗಿದೆ ಅನ್ನುವುದಷ್ಟೇ ಮುಖ್ಯ. ಎಲ್ಲಕ್ಕಿಂತ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಗುಂಡಿನ ವ್ಯಾಸ ಕಳೆಯಿರಿ. ದೂರ ಬಿದ್ದ ಒಂದು ಈಡನ್ನು "ಅದು ನನ್ನ ತಪ್ಪು" ಅಂತ ಬಿಟ್ಟುಬಿಡುವ ಆಸೆಯಾಗುತ್ತದೆ. ಬಿಡಬೇಡಿ. ಟ್ರಿಗರ್ ಎಳೆಯುವ ಕ್ಷಣದಲ್ಲೇ ತಪ್ಪು ಗೊತ್ತಾಗಿದ್ದರೆ, ಹಾಳೆ ನೋಡುವ ಮೊದಲೇ ಪುಸ್ತಕದಲ್ಲಿ ಬರೆದಿರಬೇಕು.

ನನಗೆ ತುಂಬ ಉಪಯೋಗವಾದ ಒಂದು ಕೆಲಸ ಇದೆ. ತೆಳು ಕಾಗದವನ್ನು ಗುರಿಹಾಳೆಯ ಮೇಲಿಟ್ಟು, ಗುರಿಯ ಮಧ್ಯ ಮತ್ತು ಐದು ತೂತುಗಳನ್ನು ಗುರುತು ಮಾಡಿ. ಅದೇ ಕಾಗದವನ್ನು ಎರಡನೇ, ಮೂರನೇ, ನಾಲ್ಕನೇ ಹಾಳೆಯ ಮೇಲೂ ಗುರಿಯ ಮಧ್ಯಕ್ಕೆ ಸರಿಯಾಗಿ ಇಟ್ಟು ಗುರುತು ಮಾಡಿ. ಈಗ ಇಪ್ಪತ್ತು ತೂತು ಒಂದೇ ಕಡೆ ಕಾಣುತ್ತವೆ. ಒಂದೊಂದೇ ಗುಂಪು ಚೆಂದವಿದ್ದೂ ದಿನಕ್ಕೊಂದು ಕಡೆ ಬೀಳುವ ತೋಟಾ ಇಲ್ಲಿ ಸಿಕ್ಕಿಬೀಳುತ್ತದೆ. ನನ್ನ 180 ಗ್ರೇನ್ ಹಾಗೇ ಸಿಕ್ಕಿಬಿತ್ತು. ತಾಮ್ರದ ಗುಂಡು ಎರಡು ಇಂಚಿನ ಆಸುಪಾಸಿನಲ್ಲೇ ನಿಂತಿತು. 165 ಗ್ರೇನಿನ ಗುಂಪುಗಳು 1.2, 1.3, 1.1, 1.4 ಇಂಚು. ಯಾವುದೂ ಹೇಳಿಕೊಳ್ಳುವಷ್ಟು ಚಿಕ್ಕದಲ್ಲ. ಆದರೆ ನಾಲ್ಕೂ ಒಂದರ ಮೇಲೊಂದು ಬಿದ್ದವು. ನಾನು ಅದನ್ನೇ ಹಿಡಿದೆ. ಅತಿ ಒಳ್ಳೆಯ ಗುಂಪನ್ನು ನೋಡಿ ಆರಿಸಬೇಡಿ. ಅತಿ ಕೆಟ್ಟ ಗುಂಪು ಯಾವುದರಲ್ಲಿ ಚಿಕ್ಕದೋ ಅದನ್ನು ಆರಿಸಿ.

ಒಂದೂವರೆ ಇಂಚು ಸಾಕಾ? ಮಧ್ಯಮ ಗಾತ್ರದ ಜಿಂಕೆಯ ಹೃದಯ ಮತ್ತು ಶ್ವಾಸಕೋಶದ ಜಾಗ ಅಡ್ಡಕ್ಕೆ ಸುಮಾರು 8 ಇಂಚು. 100 ಗಜದಲ್ಲಿ ಒಂದೂವರೆ ಇಂಚು ಅಂದರೆ 200 ಗಜದಲ್ಲಿ ಮೂರು ಇಂಚು. ಉಳಿದ ಜಾಗ ನಿಮ್ಮ ಉಸಿರಿಗೆ, ಗಾಳಿಗೆ, ದೂರದ ತಪ್ಪು ಅಂದಾಜಿಗೆ ಬೇಕು. ಅರ್ಧ ಇಂಚಿನ ಗುಂಪಿಗಾಗಿ ವರ್ಷಗಟ್ಟಲೆ ಅಲೆಯುವವರಿದ್ದಾರೆ. ಆ ತೋಟಾಗಳನ್ನು ಮಂಡಿಯೂರಿ, ಕೂತು, ಮರಕ್ಕೆ ಒರಗಿ ಹೊಡೆದು ಅಭ್ಯಾಸ ಮಾಡಿದರೆ ಜಿಂಕೆಗೆ ಹೆಚ್ಚು ನ್ಯಾಯ ಸಿಗುತ್ತದೆ.

ಬಗೆ ಗೊತ್ತಾದ ಮೇಲೆ ದುರ್ಬೀನು ಸರಿ ಮಾಡಿ. ಆಮೇಲೆ ತಣ್ಣನೆ ನಳಿಗೆಯ ಪರೀಕ್ಷೆ. ಕಾಡಲ್ಲಿ ಸಿಗುವುದು ಹೆಚ್ಚಾಗಿ ಒಂದೇ ಈಡು, ಅದೂ ತಣ್ಣನೆ ನಳಿಗೆಯಿಂದ, ಅಲ್ವಾ? ಒಂದು ಹಾಳೆ ಇಟ್ಟುಕೊಳ್ಳಿ. ಹೋದ ದಿನವೆಲ್ಲ ಮೊದಲ ಈಡು ಮಾತ್ರ ಅದರ ಮೇಲೆ. ಐದಾರು ದಿನಕ್ಕೆ ನಿಮ್ಮ ನಿಜವಾದ ಗುಂಪು ಮೂಡುತ್ತದೆ. ಒಳಗೆ ಎಣ್ಣೆ ಇದ್ದರೆ ಮೊದಲ ಗುಂಡು ಬೇರೆ ಕಡೆ ಹೋಗಬಹುದು. ಅದಕ್ಕೇ ಬೇಟೆಗೆ ಮುಂಚೆ ನಾನು ನಳಿಗೆ ಒರೆಸಿ ಒಣಗಿಸಿ, ಮೈದಾನದಲ್ಲಿ ಒಂದೆರಡು ಈಡು ಹೊಡೆದು ಹಾಗೇ ಇಟ್ಟಿರುತ್ತೇನೆ.

ಕೊನೆಗೆ ಡಬ್ಬಿಯ ಮೇಲಿನ ಲಾಟ್ ನಂಬರ್ ನೋಡಿ. ಒಟ್ಟಿಗೆ ತಯಾರಾದ ಒಂದು ಕಂತಿಗೆ ಲಾಟ್ ಅನ್ನುತ್ತಾರೆ. ಹೆಸರು ಒಂದೇ ಇದ್ದರೂ ಲಾಟ್ ಬದಲಾದರೆ ಮದ್ದಿನ ಗುಣ ಸ್ವಲ್ಪ ಬದಲಾಗಿರಬಹುದು, ಗುಂಡು ಬೀಳುವ ಜಾಗವೂ ಸರಿಯಬಹುದು. ಒಗ್ಗಿದ ಲಾಟಿನ ಡಬ್ಬಿಗಳನ್ನು ಎರಡು ಮೂರು ಸೀಸನ್ನಿಗೆ ಆಗುವಷ್ಟು ಒಟ್ಟಿಗೇ ತಗೊಂಡು ತಂಪಾದ, ಒಣ ಜಾಗದಲ್ಲಿಡಿ. ಆ ಮೊದಲ ಈಡುಗಳ ಹಾಳೆಯ ಮೂಲೆಯಲ್ಲಿ ಲಾಟ್ ನಂಬರ್ ಬರೆದು, ಮಡಚಿ ಡಬ್ಬಿಯೊಳಗೇ ಹಾಕಿ. ಹೊಸ ಲಾಟ್ ಬಂದ ದಿನ ಅದನ್ನು ಬಿಡಿಸಿ ಮೇಜಿನ ಮೇಲಿಟ್ಟುಕೊಂಡು, ಮತ್ತೆ ಐದು ಈಡಿನಿಂದ ಶುರು ಮಾಡಿ.