ಬೋರ್‌ವೆಲ್ ನೀರು, ಲಂಡನ್ನಿನ ತೊಟ್ಟಿ

"ಆ ಕತ್ತಲೆ ಮನೆಯಲ್ಲಿ ಫ್ಲಾಶ್ ಇಲ್ಲದೆ, ಟ್ರೈಪಾಡ್ ಇಲ್ಲದೆ ತೆಗೆದದ್ದನ್ನು ಸಯನೋಟೈಪ್ ಮಾಡುತ್ತೀರಾ? ನೀಲಿ ಮಸಿ ಬರುತ್ತದೆ ಅಷ್ಟೇ ಸಾರ್" ಎಂದಿದ್ದ ಗೆಳೆಯರು ಮೊನ್ನೆ ಮೈಸೂರಿನ ನಮ್ಮ ಹಜಾರದಲ್ಲಿ ಆ ಮನೆಯ ಹದಿನಾಲ್ಕು ಸಯನೋಟೈಪ್ ಚಿತ್ರಗಳ ಮುಂದೆಯೇ ಕುಳಿತು ಎರಡು ಲೋಟ ಕಾಫಿ ಕುಡಿದರು. ನಾನು ಏನೂ ಹೇಳಲಿಲ್ಲ. ಸಯನೋಟೈಪ್ ಎಂದರೆ ರಾಸಾಯನಿಕ ಸವರಿದ ಕಾಗದದ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡಿ, ನೀರಿನಲ್ಲಿ ತೊಳೆದು ನೀಲಿ ಚಿತ್ರ ಪಡೆಯುವ ಹಳೆಯ ವಿಧಾನ.

ಆ ಮನೆ ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿದೆ, 18 ಸ್ಟಾಫರ್ಡ್ ಟೆರೇಸ್; ಈಗ ಮ್ಯೂಸಿಯಂ. 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್ 1875ರಿಂದ 1910ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದ. ವ್ಯಂಗ್ಯಚಿತ್ರಕ್ಕೆ ಬೇಕಾದ ಭಂಗಿಗಾಗಿ ತಾನೇ ನಿಂತು, ಮನೆಯವರನ್ನೂ ಆಳುಗಳನ್ನೂ ನಿಲ್ಲಿಸಿ ಸಾವಿರಾರು ಫೋಟೋ ತೆಗೆದವನು. ಅನೇಕವನ್ನು ಮುದ್ರಿಸಿಕೊಂಡದ್ದು ನೀಲಿಯಲ್ಲೇ. ಫೋಟೋ ತೊಳೆಯಲು ಬಳಸುತ್ತಿದ್ದ ಅಮೃತಶಿಲೆಯ ಸ್ನಾನದ ತೊಟ್ಟಿ ಈಗಲೂ ಇದೆ. ಉಳಿದವರು ಬಣ್ಣದ ಗಾಜಿನ ಕಿಟಕಿಗಳತ್ತ ಹೋದರು, ನಾನು ತೊಟ್ಟಿಯ ಬಳಿಯೇ ಕಾಲು ಗಂಟೆ ನಿಂತೆ.

ಕೈ ಅಲುಗದಂತೆ ಒರಗಿಕೊಳ್ಳೋಣವೆಂದರೆ ಗೋಡೆಯ ಕಾಗದವೇ ಪ್ರದರ್ಶನದ ವಸ್ತು, ಅದರ ಮೇಲೆ ಅಂಗುಲ ಬಿಡದೆ ಚೌಕಟ್ಟುಗಳು. ಕ್ಯಾಮೆರಾದ ಕೊರಳ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು, ಉಸಿರು ಬಿಟ್ಟ ಮೇಲೆ ಒಂದೇ ಬಾರಿಗೆ ಐದಾರು ಕ್ಲಿಕ್. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200, ಷಟರ್ 1/15 ಸೆಕೆಂಡು. ಆರರಲ್ಲಿ ಒಂದು ಅಲುಗದೆ ನಿಂತರೆ ಸಾಕು.

ಲಂಡನ್ನಿನಲ್ಲಿರುವ ಮಗಳ ಮನೆಯ ಬಾಲ್ಕನಿಯಲ್ಲೇ ಮುದ್ರಿಸಹೋಗಿ ಕೆಟ್ಟೆ. ಮಾರ್ಚ್ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಇಟ್ಟರೂ ಆಕಾಶದ ತೆಳುನೀಲಿ ದಾಟಲಿಲ್ಲ. ಮೈಸೂರಿನ ತಾರಸಿಯಲ್ಲಿ ಹನ್ನೆರಡು ನಿಮಿಷ ಸಾಕಾಯಿತು, ಆದರೆ ತೊಳೆದಂತೆಲ್ಲ ನೀಲಿ ಜಾರಿಹೋಗುತ್ತಿತ್ತು. ರಾಸಾಯನಿಕ ಹಳತೆಂದು ಹೊಸದು ತರಿಸಿದೆ. ನೆಗೆಟಿವ್ ಹಾಳೆಯೇ ತಲಾ ಅರವತ್ತು ರೂಪಾಯಿ. ಒಟ್ಟು ಐದಾರು ಸಾವಿರ ನೀರಿಗೆ ಹೋಯಿತು. ಕಳ್ಳ ಆ ನೀರೇ! ನಮ್ಮ ಬೋರ್‌ವೆಲ್ಲಿನ ಗಡಸು ನೀರು ಕ್ಷಾರ, ಸಯನೋಟೈಪಿಗೆ ಕ್ಷಾರ ವೈರಿ. ಮೊದಲ ತೊಳೆತಕ್ಕೆ ಬಕೆಟ್ಟಿಗೆ ಒಂದು ಚಮಚ ನಿಂಬೆಹುಳಿ ಪುಡಿ, ಕೊನೆಗೆ ಮಳೆನೀರು. ಅಂದಿನಿಂದ ಒಂದೂ ಕೆಟ್ಟಿಲ್ಲ. ಕತ್ತಲೆಯ ಮೂಲೆಗಳನ್ನು ಕಂಪ್ಯೂಟರಿನಲ್ಲಿ ಬೆಳಗಿಸುವುದನ್ನೂ ಬಿಟ್ಟೆ. ಆ ಮನೆ ಇರುವುದೇ ಹಾಗೆ. ಕಾಗದಕ್ಕೆ ಮೊದಲು ಏನು ಸವರುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ.

ನಡುವೆ ಒಂದನ್ನು ವಾಷಿಂಗ್ ಸೋಡಾದಲ್ಲಿ ಮಂಕಾಗಿಸಿ ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಸಿದೆ. ನೀಲಿ ಹೋಗಿ ಕಪ್ಪು ಕಂದು ಬಂತು. ತೊಟ್ಟಿಯ ಚಿತ್ರಕ್ಕೆ ಅದೇ ಒಪ್ಪಿತು. ನನ್ನಾಕೆ ಮಾತ್ರ ಆ ಫಿಲ್ಟರನ್ನು ಇನ್ನೂ ಅಡುಗೆಮನೆಯೊಳಗೆ ಸೇರಿಸಿಲ್ಲ.