ಅಟ್ ಹಾಕಬೇಕಾ, ಟು ಹಾಕಬೇಕಾ?

ಆಫೀಸಿಗೆ ಬಂದಿದ್ದ ಒಬ್ಬರು ಬ್ಯಾಗ್ ಮರೆತು ಹೊರಟುಬಿಟ್ಟರು. ನಾನು ಮೆಟ್ಟಿಲ ಮೇಲಿಂದ ಕೂಗಿ ನಿಲ್ಲಿಸಿ ಬ್ಯಾಗ್ ಕೊಟ್ಟೆ. ಆಮೇಲೆ ಮ್ಯಾನೇಜರ್‌ಗೆ ಬರೆದ ಮೇಲ್‌ನಲ್ಲಿ ‘ಐ ಶೌಟೆಡ್ ಅಟ್ ಹಿಮ್’ ಅಂತ ಹಾಕಿದೆ. ಐದೇ ನಿಮಿಷಕ್ಕೆ ಫೋನ್. “ಅವರ ಮೇಲೆ ಯಾಕ್ರೀ ರೇಗಾಡಿದ್ರಿ?”

ನಾನು ಬರೆಯಬೇಕಿದ್ದದ್ದು ‘ಶೌಟೆಡ್ ಟು ಹಿಮ್’. ಟು ಹಾಕಿದರೆ ಮಾತು ಅವರಿಗೆ ಮುಟ್ಟಲಿ ಅಂತ ಕೂಗಿದ ಹಾಗೆ. ಅಟ್ ಹಾಕಿದರೆ ಅವರನ್ನೇ ಗುರಿ ಮಾಡಿ ಕಿರುಚಿದ ಹಾಗೆ. ಚೆಂಡಿನದೂ ಇದೇ ಕಥೆ. ‘ಥ್ರೋ ಟು’ ಅಂದರೆ ಹಿಡಿಯಲಿ ಅಂತ, ‘ಥ್ರೋ ಅಟ್’ ಅಂದರೆ ತಗುಲಲಿ ಅಂತ.

ಯೋಚಿಸಿದಾಗ ನನ್ನ ತಪ್ಪು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಯಿತು. ಕನ್ನಡದ ವಿಭಕ್ತಿ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಅದಕ್ಕೆ ಜೋಡಿ ಹುಡುಕುತ್ತಿದ್ದೆ. ನಮ್ಮ ‘ಅಲ್ಲಿ’ ಒಂದೇ ಇನ್, ಆನ್, ಅಟ್ ಮೂರರ ಕೆಲಸವನ್ನೂ ಮಾಡುತ್ತೆ. ಗಣಿತದಲ್ಲಿ ಜಾಣ ಅನ್ನುತ್ತೇವೆ, ಅದಕ್ಕೇ ‘ಗುಡ್ ಇನ್’ ಬರುತ್ತಿತ್ತು. ಸರಿಯಾದದ್ದು ‘ಗುಡ್ ಅಟ್’. ಸಿಟ್ಟು ಒಬ್ಬರ ಮೇಲೆ ಬರುತ್ತೆ, ಹಾಗಾಗಿ ‘ಆಂಗ್ರಿ ಆನ್’ ಬರೆದೆ; ಇಂಗ್ಲಿಷಿನವರದು ‘ಆಂಗ್ರಿ ವಿತ್’. ಸಿಟ್ಟು ಬಂದಮೇಲೆ ಜೊತೆ ಎಲ್ಲಿಯದು ಅಂತ ನಗು ಬಂತು. ಆದರೆ ಕನ್ನಡ ಕಲಿಯುವವರು ‘ಸಿಟ್ಟು ಮೇಲೇ ಯಾಕೆ ಬರಬೇಕು?’ ಅಂತ ಕೇಳಿದರೆ ನಾವೇನು ಹೇಳೋಣ?

ಅಟ್, ಟು, ಆನ್ ಥರದ ಈ ಪುಟ್ಟ ಪದಗಳ, ಅಂದರೆ ಪ್ರಿಪೊಸಿಷನ್‌ಗಳ ಪಟ್ಟಿ ಬಾಯಿಪಾಠ ಮಾಡಿದ್ದು ದಂಡ. ಸುಮ್ನೆ ತಲೆ ಭಾರ, ಅಷ್ಟೇ. ಕೆಲಸಕ್ಕೆ ಬಂದದ್ದು ಒಂದು ಪುಟ್ಟ ನೋಟ್‌ಬುಕ್. ಅದರಲ್ಲಿ ‘ಡಿಪೆಂಡ್’ ಅಂತ ಬರೆಯಲೇ ಇಲ್ಲ, ‘ಡಿಪೆಂಡ್ ಆನ್’ ಅಂತ ಒಂದೇ ಪದದ ಹಾಗೆ ಬರೆದೆ. ಕೆಳಗೆ ನನ್ನದೇ ಜೀವನದ ಒಂದು ನಿಜವಾದ ವಾಕ್ಯ. ಮರುದಿನ ಪ್ರಿಪೊಸಿಷನ್ ಅನ್ನು ಬೆರಳಿಂದ ಮುಚ್ಚಿ ಓದುವುದು. ನಾಲಿಗೆಗೆ ತಾನಾಗಿ ಬಂದರೆ ಮುಂದಿನದು, ಇಲ್ಲದಿದ್ದರೆ ನಾಳೆ ಮತ್ತೆ ಅದೇ.

ಪಕ್ಕದಲ್ಲಿ ಪ್ರಿಪೊಸಿಷನ್ ಬೇಡದ ಪದಗಳಿಗೆ ಕೆಂಪು ಪೆನ್ನು. ಡಿಸ್ಕಸ್‌ಗೆ ಅಬೌಟ್ ಬೇಡ, ರೀಚ್‌ಗೆ ಟು ಬೇಡ. ‘ಕೋಪ್ ವಿತ್’ ಮಧ್ಯೆ ಅಪ್ ತೂರಿಸುವುದೂ ಬೇಡ. ತಮಾಷೆ ಅಂದರೆ, ಡಿಸ್ಕಸ್ ಹೋಗಿ ಡಿಸ್ಕಷನ್ ಆದ ಕೂಡಲೇ ಅಬೌಟ್ ಬಂದು ಕೂರುತ್ತೆ!

ಜಾಸ್ತಿ ಕಾಡಿದ್ದು ‘ಲುಕ್ ಫಾರ್ವರ್ಡ್ ಟು’. ಟು ಕಂಡರೆ ಕೈ ‘ಮೀಟ್’ ಅಂತ ಬರೆದುಬಿಡುತ್ತಿತ್ತು. ಈಗ ಕೊನೆಗೆ ‘ಇಟ್’ ಹಾಕಿ ನೋಡುತ್ತೇನೆ. ‘ಲುಕ್ ಫಾರ್ವರ್ಡ್ ಟು ಇಟ್’ ಸರಿಯಾಗಿ ಕೂರುತ್ತೆ, ಅಂದರೆ ಈ ಟು ಪ್ರಿಪೊಸಿಷನ್. ಹಾಗಾಗಿ ‘ಮೀಟಿಂಗ್’ ಬರಬೇಕು. ‘ವಾಂಟ್ ಟು ಇಟ್’ ಅಂತ ಹೇಳಿ ನೋಡಿ, ಕೂರುವುದಿಲ್ಲ. ಅಲ್ಲಿ ‘ಮೀಟ್’ ಸಾಕು.

‘ಡಿಫರೆಂಟ್’ ವಿಷಯದಲ್ಲಿ ಮಾತ್ರ ತಲೆ ಕೆಡಿಸಿಕೊಳ್ಳುವುದು ಬಿಟ್ಟಿದ್ದೇನೆ. ಬ್ರಿಟಿಷರಲ್ಲಿ ಕೆಲವರು ಅದರ ಮುಂದೆ ಟು ಹಾಕುತ್ತಾರೆ, ಅಮೆರಿಕದವರಲ್ಲಿ ಕೆಲವರು ದ್ಯಾನ್ ಅನ್ನುತ್ತಾರೆ. ಫ್ರಮ್ ಎರಡೂ ಕಡೆ ನಡೆಯುತ್ತೆ, ನಾನು ಅದನ್ನೇ ಬರೆದು ಮೇಲ್ ಕಳಿಸುತ್ತೇನೆ.