ಜೇನು ಚುಚ್ಚಿದ ಮೊದಲ ಒಂದು ಗಂಟೆ

ಜೇನು ಚುಚ್ಚಿದರೆ ಎಲ್ಲರ ಕಣ್ಣೂ ಚುಚ್ಚಿದ ಜಾಗದ ಮೇಲೇ. ಸುಣ್ಣ, ಈರುಳ್ಳಿ, ಟೂತ್‌ಪೇಸ್ಟ್ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಜೀವಕ್ಕೆ ಕುತ್ತು ತರುವ ಅಲರ್ಜಿ ಕಾಣಿಸಿಕೊಳ್ಳುವುದು ಮೈಯ ಬೇರೆ ಕಡೆ.

ಮೊದಲು ಗೂಡಿನಿಂದ ದೂರ ಸರಿಯಿರಿ. ಚುಚ್ಚಿದ ಮುಳ್ಳಿನಿಂದ ಹೊರಡುವ, ಬಾಳೆಹಣ್ಣಿನಂಥ ವಾಸನೆ ಉಳಿದ ಹುಳಗಳನ್ನೂ ಕರೆಯುತ್ತದೆ.

ಆಮೇಲೆ ಮುಳ್ಳು. ಹುಳ ಹಾರಿಹೋದರೂ ಮುಳ್ಳಿನ ಬುಡದ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಬಹುಪಾಲು ಮೊದಲ ಅರ್ಧ ನಿಮಿಷದಲ್ಲೇ ಒಳಗಿಳಿಯುತ್ತದೆ. ಉಗುರಿನಿಂದ ಕೆರೆದರೂ ಸರಿ, ಚಿವುಟಿ ಕಿತ್ತರೂ ಸರಿ. ಎಟಿಎಂ ಕಾರ್ಡಿನಿಂದಲೇ ಕೆರೆಯಬೇಕೆಂದು ಪರ್ಸ್ ತಡಕಬೇಡಿ. ಕಣಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ, ಪಿನ್ನಿನಿಂದ ಕೆದಕಬೇಡಿ.

ಉಂಗುರ, ಬಳೆ ತೆಗೆದು, ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಇಡಿ.

ಇನ್ನು ಗಡಿಯಾರ ನೋಡಿ, ಅಪಾಯದ ಅಲರ್ಜಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಈ ಮೊದಲ ಗಂಟೆಯಲ್ಲೇ. ಹಿಂದೆಂದೋ ಚುಚ್ಚಿಸಿಕೊಂಡಾಗ ಕೆಲವರ ದೇಹ ಆ ವಿಷಕ್ಕೆ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟಿರುತ್ತದೆ. ಅದು ಚರ್ಮದ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೇಲೆ ಕೂತಿರುತ್ತದೆ. ವಿಷ ಮತ್ತೆ ತಾಗಿದೊಡನೆ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಸಣ್ಣ ರಕ್ತನಾಳಗಳು ಸೋರಿ ಚರ್ಮ ಕೆಂಪಾಗಿ ಉಬ್ಬುತ್ತದೆ, ಕೆರೆಯುತ್ತದೆ. ಇದು ಮೈಯೆಲ್ಲ ಹಬ್ಬಿದರೆ ಅಪಾಯ. ‘ಹೋದ ಸಲ ಏನೂ ಆಗಿರಲಿಲ್ಲ’ ಎಂಬ ಧೈರ್ಯ ಅದಕ್ಕೇ ಕೆಲಸಕ್ಕೆ ಬಾರದು.

ಬೆರಳಿಗೆ ಚುಚ್ಚಿ ಊತ ಮೊಣಕೈವರೆಗೆ ಏರಿದರೂ ಅದು ಆ ಜಾಗದ್ದೇ ಪ್ರತಿಕ್ರಿಯೆ. ಎರಡು ದಿನ ಏರಿ, ವಾರದೊಳಗೆ ಇಳಿಯುತ್ತದೆ. ಮಾರನೆಯ ದಿನದ ಕೆಂಪು ಕಂಡು ಆಂಟಿಬಯೋಟಿಕ್ ನುಂಗಬೇಡಿ. ಆದರೆ ಬೆರಳಿಗೆ ಚುಚ್ಚಿ ಹೊಟ್ಟೆ, ಬೆನ್ನಿನ ಮೇಲೆ ಗಂಧೆ ಎದ್ದರೆ, ತುಟಿ, ನಾಲಗೆ ದಪ್ಪವಾದರೆ, ದನಿ ಗೊಗ್ಗರಾದರೆ, ಉಬ್ಬಸ, ವಾಂತಿ, ತಲೆಸುತ್ತು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಕೆಲವರಿಗೆ ಗಂಧೆ ಏಳದೆಯೇ ಬಿಪಿ ಕುಸಿಯುತ್ತದೆ. ರೋಗಿಯನ್ನು ಮಲಗಿಸಿ ಕಾಲು ಎತ್ತರದಲ್ಲಿಡಿ, ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಲಂತೂ ಬೇಡಿ. ಆಗ ಬೇಕಾದ ಮದ್ದು ಅಡ್ರಿನಲಿನ್: ವೈದ್ಯರು ದೊಡ್ಡವರಿಗೆ 0.5 ಮಿ.ಗ್ರಾಂ.ನಷ್ಟನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುತ್ತಾರೆ. ಸೆಟ್ರಿಜಿನ್ ಮಾತ್ರೆ ಕೆರೆತ ತಗ್ಗಿಸುತ್ತದೆ ಅಷ್ಟೆ, ಕಟ್ಟಿದ ಉಸಿರು ಬಿಡಿಸದು.

ಬರೀ ಕೆರೆತಕ್ಕೆ 1% ಹೈಡ್ರೋಕಾರ್ಟಿಸೋನ್ ಕ್ರೀಮ್ ಸಾಕು. ಸ್ಟಿರಾಯ್ಡ್, ಫಂಗಸ್ ಮದ್ದು, ಆಂಟಿಬಯೋಟಿಕ್ ಮೂರೂ ಬೆರೆತ ಟ್ಯೂಬನ್ನು ಮೆಡಿಕಲ್ ಶಾಪಿನವರು ಕೊಟ್ಟರೆ ವಾಪಸ್ ಕೊಡಿ. ಸುಣ್ಣವಂತೂ ಚರ್ಮದೊಳಗಿನ ವಿಷವನ್ನು ಮುಟ್ಟುವುದಿಲ್ಲ, ಮೇಲಿನ ಚರ್ಮ ಸುಡುತ್ತದೆ.

ಹೆಜ್ಜೇನು ಹಿಂಡಾಗಿ ಎರಗಿದ್ದರೆ ಲೆಕ್ಕವೇ ಬೇರೆ. ಅಲರ್ಜಿ ಇಲ್ಲದವರಿಗೂ ಅಷ್ಟು ವಿಷ ಕಿಡ್ನಿ ಕೆಡಿಸಬಲ್ಲದು. ಹತ್ತಾರು ಕಡೆ ಚುಚ್ಚಿದ್ದರೆ, ಆರಾಮಾಗಿದ್ದೇನೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ವೈದ್ಯರಿಗೆ ತಪ್ಪದೆ ಹೇಳಿ.